ಕೋಲಾ ಕಾಯಿಗೆ ಇಂಗ್ಲಿಷ್ ಬರುವುದಿಲ್ಲ

ಪಸಡೀನಾ
14 ಜೂನ್ 2020

ಅಪ್ಪಾ ಅವರಿಗೆ ದ್ರಾಕ್ಷಾಯಣಿಯ ಶರಣು.

ನಿನ್ನೆ ಫೋನಿನಲ್ಲಿ "ಆರಾಮ ಅದೀರಿ?" ಎಂದು ಮೂರು ಸಲ ಕೇಳಿದೆ. ಮೂರು ಸಲವೂ ನೀವು "ಹೂಂ, ಇಲ್ಲೂ ಬಿಸಿಲು ಭಾಳ" ಎಂದಿರಿ. ಆಮೇಲೆ ಸೋಮು ಫೋನ್ ಇಸಿದುಕೊಂಡು, "ಅಕ್ಕಾ, ಎಡಗಿವಿ ಪೂರಾ ಹೋಗೇತಿ. ಬಲಗಿವಿಗೆ ಫೋನ್ ಹತ್ತಂಗಿಲ್ಲ. ಮಷೀನ್ ಹಾಕ್ಕೋರಿ ಅಂದ್ರ ಕಿವ್ಯಾಗ ಜೇನು ಕಟ್ಟಿದಂಗ ಆಕ್ಕೈತಿ ಅಂತ ತಗದು ಒಗೀತಾರ" ಎಂದ. ಅವನ ದನಿಯಲ್ಲಿ ನಗು ಇತ್ತು. ನನಗೆ ನಗು ಬರಲಿಲ್ಲ.

ಪಸಡೀನಾದಿಂದ ನೀವಿರುವ ಸ್ಕ್ರಿಪ್ಸ್ ರ‍್ಯಾಂಚಿಗೆ ಎರಡೂವರೆ ಗಂಟೆಯ ದಾರಿ. ಆದರೆ ಈಗ ಕೊರೋನಾ, ಬರುವಂತಿಲ್ಲ. ಹಾಗಾಗಿ ಪತ್ರ. ಕನ್ನಡದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲನೆಯ ಪತ್ರ ಇದು ಎಂದು ಪೆನ್ನು ಹಿಡಿದ ಮೇಲೆ ಹೊಳೆಯಿತು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಪತ್ರಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕಿತ್ತು, ವಾರ್ಡನ್ ಓದಿ ನೋಡಿಯೇ ಅಂಚೆಗೆ ಹಾಕುತ್ತಿದ್ದರು. ನೀವು ಅವನ್ನು ನರಗುಂದದಲ್ಲಿ ಮರಿಯಪ್ಪ ಮಾಸ್ತರರ ಮನೆಗೆ ಒಯ್ದು ಓದಿಸಿಕೊಳ್ಳುತ್ತಿದ್ದಿರಿ ಎಂದು ಅವ್ವ ಹೇಳುತ್ತಿದ್ದಳು. ಅಂದರೆ ಏಳು ವರ್ಷ ನಾವಿಬ್ಬರೂ ಮಾಸ್ತರರ ಬಾಯಿಯಿಂದಲೇ ಮಾತಾಡಿದೆವು.

ನನ್ನ ಕೆಲಸ ಈಗ ಮನೆಯಿಂದಲೇ. ಏನು ಕೆಲಸ ಎಂದು ನೀವು ಎಂದೂ ಕೇಳಿಲ್ಲ. ನಾನೂ ಹೇಳಿಲ್ಲ. ಸಿನಿಮಾದಲ್ಲಿ ಜನ ಆಡುವ ಮಾತನ್ನು ಅವರ ಬಾಯಿಯ ಕೆಳಗೆ ಅಕ್ಷರ ಮಾಡಿ ಕೂಡಿಸುವುದು. ಕಿವಿ ಕೇಳದವರಿಗಾಗಿ ಇರುವ ಕೆಲಸ. ಟಿವಿಯಲ್ಲಿ ಅದನ್ನು ಆನ್ ಮಾಡಿಕೊಡಲು ಅಮಿತಾಳಿಗೆ ಹೇಳಿ. ಅಮೆರಿಕಕ್ಕೆ ಬಂದ ಮೇಲೆ ಲೈಬ್ರರಿಯ ಕ್ಲಾಸಿಗೆ ಹೋಗಿ ಇಂಗ್ಲಿಷ್ ಓದಲು ಕಲಿತಿದ್ದೀರಲ್ಲ, ಅದು ಉಪಯೋಗಕ್ಕೆ ಬಂದೀತು.

ನಿತಿನ್, ಮೇಘಾ ಕ್ಷೇಮ. ಗಿರಣಿಯ ವಿಷಯ ನಾನು ಬರೆಯುವುದಿಲ್ಲ. ನೀವೂ ಬರೆಯಬೇಡಿ.

ನಿಮ್ಮ ಮಗಳು,
ದ್ರಾಕ್ಷಾಯಣಿ


ಸ್ಕ್ರಿಪ್ಸ್ ರ‍್ಯಾಂಚ್
2 ಆಗಸ್ಟ್ 2020

ದಾಕ್ಷಾಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ತಡಕ್ಕೆ ಕಾರಣ ಕೈ ನಡುಕ ಅಲ್ಲ. ಏನು ಬರೆಯಬೇಕು ತಿಳಿಯಲಿಲ್ಲ. ಮರಿಯಪ್ಪ ಮಾಸ್ತರರಿಗೆ ನಾನು ಎರಡು ಮಾತು ಹೇಳಿದರೆ ಅವರ ಇಂಗ್ಲಿಷಿನಲ್ಲಿ ಅದು ಒಂದು ಪುಟ ಆಗುತ್ತಿತ್ತು. ಅದರಲ್ಲಿ ನನ್ನದೆಷ್ಟು, ಮಾಸ್ತರರದೆಷ್ಟು, ದೇವರಿಗೇ ಗೊತ್ತು. ಈ ಸಲ ತಪ್ಪೋ ಒಪ್ಪೋ ಎಲ್ಲಾ ನನ್ನದೇ.

ಟಿವಿಯ ಅಕ್ಷರ ಛಲೋ ಇದಾವೆ. ಒಂದು ಸಾಲು ಬಂದ ಕೂಡಲೇ ನಿಲ್ಲಿಸುತ್ತೇನೆ, ಓದುತ್ತೇನೆ, ತಿಳಿಯದಿದ್ದರೆ ಡಿಕ್ಷನರಿ. ಒಂದು ಸಿನಿಮಾಕ್ಕೆ ಎರಡು ದಿನ ಹಿಡಿಯುತ್ತದೆ. ಅಮಿತಾ, "ಮಾವ, ನೀವು ಸಿನಿಮಾ ನೋಡ್ತಿಲ್ಲ, ಪರೀಕ್ಷೆಗೆ ಓದ್ತಿದ್ದೀರಾ" ಅನ್ನುತ್ತಾಳೆ.

ಈಗ ಕೆಲಸದ ಮಾತು. ನೈಜೀರಿಯಾ ದೇಶದ ಒಂದು ಸಿನಿಮಾ ನೋಡಿದೆ. ಆಬಾ ಅಂತ ಊರು. ಮುದುಕನದೊಂದು ತಾಳೆ ಎಣ್ಣೆಯ ಗಿರಣಿ. ನಮ್ಮದು ಕುಸುಬಿ, ಅವರದು ತಾಳೆ, ಅಷ್ಟೇ ಫರಕು. ಅದೇ ಜಿಡ್ಡು ನೆಲ, ಅದೇ ಹೊಗೆ ಹಿಡಿದ ಗೋಡೆ, ಹಿಂಡಿಯ ಚೀಲದ ಮೇಲೆ ಕುಳಿತು ಬೀಡಿ ಸೇದುವ ಹಮಾಲ. ಮುದುಕನಿಗೆ ಇಬ್ಬರು ಮಕ್ಕಳು. ಮಗಳು ಚಿನ್ಯೆರೆ, ಗಿರಣಿಯಲ್ಲೇ ಕೆಲಸ ಕಲಿತವಳು. ಮಗ ಲೇಗೋಸಿನಲ್ಲಿ ಓದಿ ಬಂದವನು, ಬೂಟಿಗೆ ಎಣ್ಣೆ ಹತ್ತದಂತೆ ನಡೆಯುತ್ತಾನೆ. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್. ಕೊನೆಗೆ ಊರಿನ ಹಿರಿಯರು ಅಂಗಳದಲ್ಲಿ ಕೂಡುತ್ತಾರೆ. ತಟ್ಟೆಯಲ್ಲಿ ಅಡಿಕೆಗಿಂತ ದೊಡ್ಡದೊಂದು ಕೆಂಪು ಕಾಯಿ. ಮುದುಕ ಅದನ್ನು ಒಡೆಯಲು ಮಗನ ಕೈಗೆ ಕೊಡುತ್ತಾನೆ. ಗಿರಣಿ ಮಗನದಾಯಿತು ಎಂದು ನನಗೆ ಅಕ್ಷರ ಇಲ್ಲದೆಯೂ ತಿಳಿಯಿತು.

ಆಮೇಲೆ ಮುದುಕ ಪಡಸಾಲೆಗೆ ಬಂದು ಮಗಳ ಎದುರು ನಿಂತು ಮಾತಾಡುತ್ತಾನೆ, ಎರಡು ನಿಮಿಷ. ಕೆಳಗೆ ಏನಿದೆ ಗೊತ್ತೇ? ಕಂಸದಲ್ಲಿ 'ಇಗ್ಬೋ ಭಾಷೆಯಲ್ಲಿ ಮಾತು'. ಮುಗಿಯಿತು! ಅಷ್ಟು ಹೊತ್ತು ಸರಕು, ಲಾರಿ, ಬ್ಯಾಂಕು ಅಂತ ಒಂದೂ ಬಿಡದೆ ಬರೆದವರು, ಮನೆಯ ಮಾತು ಬಂದಾಗ ಬಾಗಿಲು ಹಾಕಿಕೊಂಡರು. ಎಪ್ಪತ್ತನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಲಿತದ್ದು ಇದಕ್ಕೇನು?

ನೀನು ಅದೇ ದಂಧೆಯಲ್ಲಿ ಇದ್ದೀ. ಆ ಮುದುಕ ಮಗಳಿಗೆ ಏನು ಅಂದ ಎಂದು ತಿಳಿದು ಬರೆ.

ಅಪ್ಪ,
ಸಂಗನಬಸಪ್ಪ


ಪಸಡೀನಾ
19 ಆಗಸ್ಟ್ 2020

ಅಪ್ಪಾ ಅವರಿಗೆ,

ಸಿನಿಮಾ ನೋಡಿದೆ. ನೀವು ಹೇಳಿದ ಜಾಗವನ್ನು ಐದಾರು ಸಲ ನೋಡಿದೆ.

ಅದನ್ನು ನಮ್ಮ ಕಂಪನಿ ಮಾಡಿದ್ದಲ್ಲ. ಆದರೆ ನಮ್ಮದಾಗಿದ್ದರೂ ಹಾಗೇ ಇರುತ್ತಿತ್ತು. ತಿಳಿಯದ ಭಾಷೆ ಬಂದರೆ ಕಂಸ ಹಾಕಿ ಮುಂದೆ ಹೋಗಬೇಕೆಂಬುದು ನಮ್ಮ ನಿಯಮ. ತಿಳಿದ ಭಾಷೆಗೂ ಹಾಗೇ ಮಾಡಿದ್ದೇನೆ. ನಾಲ್ಕು ವರ್ಷದ ಹಿಂದೆ ಒಂದು ಸಾಕ್ಷ್ಯಚಿತ್ರ ಬಂದಿತ್ತು. ಅದರಲ್ಲಿ ನಮ್ಮ ಕಡೆಯ ಒಬ್ಬ ಅಜ್ಜಿ ಜೋಳ ಬಡಿಯುತ್ತ, ಸತ್ತ ಮಗನಿಗೆ ಏನೋ ಹೇಳುತ್ತಾಳೆ. ಪ್ರತಿಯೊಂದು ಮಾತೂ ನನಗೆ ತಿಳಿಯಿತು. ಮೇಲಿನವರನ್ನು ಕೇಳಿದೆ. ಅನುವಾದ ನಮ್ಮ ಕೆಲಸವಲ್ಲ ಎಂದರು. 'ಬೇರೆ ಭಾಷೆಯಲ್ಲಿ ಮಾತು' ಎಂದು ನಾನೇ ಟೈಪ್ ಮಾಡಿದೆ. ಇನ್ನೊಂದು ಸಲ ಕೇಳಬಹುದಿತ್ತಲ್ಲ ಎಂದು ಈಗಲೂ ಅನ್ನಿಸುತ್ತದೆ. ಕೇಳಲಿಲ್ಲ. ಕೇಳಿದ್ದಕ್ಕೆ ಇಲ್ಲ ಎಂದರೆ ಸುಮ್ಮನಾಗುವುದನ್ನು ನಾನು ಎಲ್ಲಿ ಕಲಿತೆನೋ.

ಚಿನ್ಯೆರೆಯ ಮುಖವನ್ನು ಗಮನಿಸಿದಿರಾ? ತಂದೆ ಮಾತಾಡುತ್ತಿರುವಾಗ ಅವಳು ಅವನನ್ನು ನೋಡುವುದಿಲ್ಲ. ತನ್ನ ಕೈಯನ್ನು ನೋಡಿಕೊಳ್ಳುತ್ತಾಳೆ. ಕೊನೆಗೆ ಮೂರೋ ನಾಲ್ಕೋ ಶಬ್ದ ಹೇಳಿ ಮೆಟ್ಟಿಲಿಳಿದು ಹೋಗುತ್ತಾಳೆ. ಕ್ಯಾಮರಾ ಅವಳ ಹಿಂದೆ ಹೋಗುವುದಿಲ್ಲ, ಮುದುಕನ ಹತ್ತಿರವೇ ನಿಲ್ಲುತ್ತದೆ.

ಇಲ್ಲಿ ನಾವು ಔಷಧಿ ತರುವ ಅಂಗಡಿಯಲ್ಲಿ ಉಜೋ ಎಂಬಾಕೆ ಫಾರ್ಮಸಿಸ್ಟ್ ಇದ್ದಾಳೆ, ನೈಜೀರಿಯಾದವಳು. ಪ್ಲಾಸ್ಟಿಕ್ ಪರದೆಯ ಆಚೆ ನಿಂತು ದಿನಕ್ಕೆ ಮುನ್ನೂರು ಜನರಿಗೆ ಉತ್ತರ ಕೊಡುತ್ತಿರುವವಳನ್ನು ಸಿನಿಮಾದ ಬಗ್ಗೆ ಹೇಗೆ ಕೇಳುವುದು? ಈ ಗದ್ದಲ ಸ್ವಲ್ಪ ಇಳಿಯಲಿ, ಕೇಳುತ್ತೇನೆ.

ನಿಮಗೋಸ್ಕರ ಮಾತ್ರ ಅಲ್ಲ, ಅಪ್ಪಾ. ಅಂಥ ದಿನ ಒಬ್ಬ ತಂದೆ ಮಗಳಿಗೆ ಏನು ಹೇಳುತ್ತಾನೆ ಎಂದು ತಿಳಿಯಲು ನಾನೂ ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದೇನೆ.

ದ್ರಾಕ್ಷಾಯಣಿ


ಸ್ಕ್ರಿಪ್ಸ್ ರ‍್ಯಾಂಚ್
11 ಅಕ್ಟೋಬರ್ 2020

ದಾಕ್ಷಾಗೆ,

ಆ ಉಜೋ ಬಾಯಿ ಯಾವಾಗ ಸಿಗುತ್ತಾಳೋ ಏನೋ. ಅಲ್ಲಿಯವರೆಗೆ ನಾನು ಸುಮ್ಮನೆ ಕೂಡುವುದು ಆಗಲಿಲ್ಲ. ಅಮಿತಾ ನಿನ್ನೆ, "ಮಾವ, ಒಂಬತ್ತನೇ ಸಲ! ಒಂಬತ್ತನೇ ಸಲಕ್ಕೆ ಆ ಅಜ್ಜ ಏನು ಕನ್ನಡದಲ್ಲಿ ಮಾತಾಡ್ತಾನಾ?" ಅಂದಳು. ಅದೂ ಖರೆ ಅನ್ನಿಸಿತು. ಕನ್ನಡದಲ್ಲಿ ಮಾತಾಡಿಸಿ ನೋಡೋಣ ಎಂದು ಕುಳಿತೆ. ಅವನ ತುಟಿ ಎಷ್ಟು ಹೊತ್ತು ಆಡುತ್ತದೆ, ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಉಸಿರು ಬಿಡುತ್ತಾನೆ, ಅದಕ್ಕೆ ಹೊಂದಿಸಿ ಬರೆದಿದ್ದೇನೆ. ನಿನ್ನ ಕೆಲಸವೂ ಹೀಗೇ ಇರಬೇಕಲ್ಲ?

ಅವನು ಹೀಗೆ ಅಂದಿರಬೇಕು:

"ತಂಗೀ, ಗಿರಣಿ ನಡಸೂದು ನಿನ್ನಿಂದ ಆಕ್ಕೈತಿ, ನಿನ್ನ ತಮ್ಮನಿಂದ ಆಗೂದಿಲ್ಲ. ನನಗ ಗೊತ್ತಿಲ್ಲ ಅಂತ ತಿಳೀಬ್ಯಾಡ. ಎಣ್ಣಿ ಮುಂಗೈಗೆ ಹಚ್ಚಿ ಮೂಸಿ, ಬೀಜ ಎಷ್ಟು ಹುರದಾರ ಅಂತ ಹೇಳೂದು ಇಡೀ ಊರಾಗ ನಿನಗ ಒಬ್ಬಾಕಿಗೆ ಬರತಿತ್ತು. ನಾನ ಕಲಿಸಿದ್ದು. ಕಲಿಸೂ ಮುಂದ ಹೆಣ್ಣು ಗಂಡು ನೋಡಲಿಲ್ಲ, ಕೊಡೂ ಮುಂದ ನೋಡಿದೆ. ನಾಳೆ ಈ ನಾಕ ಮಂದಿ ನಡುವ ನಾ ಕುಂಡ್ರಬೇಕು. ಮಗ ಇದ್ದಾಂವ ಮಗಳ ಕೈಯಾಗ ಕಾಯಿ ಕೊಟ್ಟ ಅಂತ ಅವರು ನಕ್ಕರ ತಡಕೊಳ್ಳೂ ಎದಿ ನನಗಿಲ್ಲ. ಅಂಜಿದೆ. ಅಷ್ಟ."

ಇಲ್ಲಿಗೆ ಒಂದೂವರೆ ನಿಮಿಷ ಆಗುತ್ತದೆ. ಇನ್ನೂ ಅರ್ಧ ನಿಮಿಷ ಅವನ ತುಟಿ ಆಡುತ್ತದೆ. ಅಲ್ಲಿ ಏನು ಅಂದ, ನನಗೆ ಹೊಳೆಯಲಿಲ್ಲ.

ಲಿಂಬೆ ಗಿಡ ಈ ವರ್ಷ ಭಾಳ ಹಿಡಿದಿದೆ.

ಅಪ್ಪ


ಪಸಡೀನಾ
22 ನವೆಂಬರ್ 2020

ಅಪ್ಪಾ ಅವರಿಗೆ,

ದೀಪಾವಳಿ ಪಾಡ್ಯ ಹೋದ ವಾರ ಮುಗಿಯಿತು. ಅದು ಮುಗಿಯಲಿ ಎಂದೇ ಕಾದಿದ್ದೆ.

ನಿಮ್ಮ ಪತ್ರವನ್ನು ಟೇಬಲ್ಲಿನ ಮೇಲಿಟ್ಟುಕೊಂಡು ಸಿನಿಮಾ ಹಾಕಿ, ನೀವು ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಸರಿಯಾಗಿ ಕೂಡುತ್ತದೆ. ಉಸಿರು ಬಿಡುವ ಜಾಗವೂ ಕೂಡುತ್ತದೆ. ಒಂದೇ ಒಂದು ಕಡೆ ತಪ್ಪಿದೆ. ಆ ಸಿನಿಮಾದಲ್ಲಿ ಯಾರೂ ಮುಂಗೈಗೆ ಎಣ್ಣೆ ಹಚ್ಚಿ ಮೂಸುವುದಿಲ್ಲ.

ಹಾಗಾಗಿ ಕೇಳುತ್ತೇನೆ. ನಾನು ಕೇಳದಿದ್ದರೆ ಇನ್ಯಾರೂ ಕೇಳುವುದಿಲ್ಲ. ಇವು ಯಾರ ಮಾತು?

ನನಗೆ ನೆನಪಿರುವುದನ್ನು ಬರೆಯುತ್ತೇನೆ. 2001ರ ಪಾಡ್ಯ. ಗಿರಣಿ ತೊಳೆದು, ಎಕ್ಸ್‌ಪೆಲ್ಲರಿಗೆ ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದ್ದೆವು. ನಾನೇ ಹಾಕಿದ್ದೆ. ಪಾಡ್ಯದ ದಿನ ಯಂತ್ರದ ಮುಂದೆ ಕಾಯಿ ಒಡೆದವರೇ ಗಿರಣಿಯ ಮುಂದಿನ ಯಜಮಾನರು ಎಂದು ನಿಮ್ಮ ಅಪ್ಪನ ಕಾಲದಿಂದ ನಡೆದು ಬಂದದ್ದು. ಹೆಣ್ಣುಮಕ್ಕಳು ಕಾಯಿ ಒಡೆಯಬಾರದೆಂಬುದೂ ನಡೆದು ಬಂದದ್ದೇ. ಆದರೆ ನಾಲ್ಕು ವರ್ಷ ನಿಮ್ಮ ಜೊತೆ ಗಿರಣಿಯಲ್ಲಿ ನಿಂತು ಮೂರು ಹಂಗಾಮು ನಾನೇ ನಡೆಸಿದ್ದೆ. "ದಾಕ್ಷಾನ ಮೂಗು ತಕ್ಕಡಿಗಿಂತ ಖರೆ" ಎಂದು ನೀವೇ ಊರೆಲ್ಲ ಹೇಳಿಕೊಂಡು ಬಂದಿದ್ದಿರಿ. ಆ ದಿನ ನೀವು ಕಾಯಿ ತೊಳೆದು ಹಿಡಿದು ತಿರುಗಿದಾಗ ನಾನು ಕೈ ಚಾಚಿದೆ, ಅಪ್ಪಾ. ಎಲ್ಲರೆದುರಿಗೆ. ಕೈ ಒದ್ದೆಯಾಗಿತ್ತು. ಕಾಯಿ ನನ್ನ ಕೈ ದಾಟಿ ಸೋಮುವಿನ ಕೈಗೆ ಹೋಯಿತು. ಬೆಂಗಳೂರಿನಿಂದ ಹಬ್ಬಕ್ಕೆಂದು ಬಂದಿದ್ದ ಪಾಪ, ಅವನಿಗೆ ಅದನ್ನು ಹೇಗೆ ಹಿಡಿಯಬೇಕೆಂದೇ ತಿಳಿದಿರಲಿಲ್ಲ. ಎರಡು ಏಟಿಗೂ ಒಡೆಯಲಿಲ್ಲ.

ಅವನು ಮೂರು ವರ್ಷಕ್ಕೆ ಗಿರಣಿ ಮುಚ್ಚಿದ್ದಕ್ಕೆ ನನಗೆ ಸಿಟ್ಟಿಲ್ಲ. ಅವನು ಅದನ್ನು ಬೇಡಿರಲಿಲ್ಲ.

ಕಾಯಿ ಒಡೆದ ಮೇಲೆ ನೀವು ನನ್ನ ಹತ್ತಿರ ಬಂದು ಏನೋ ಅಂದಿರಿ. ಏನೆಂದು ಈಗ ನೆನಪಿಲ್ಲ. ಮರುದಿನ ನಾನು ಬೆಂಗಳೂರಿನ ಬಸ್ಸು ಹತ್ತಿದೆ.

ಗಿರಣಿ ಬೇಕಿಲ್ಲ. ಯಾಕೆ ಕೊಡಲಿಲ್ಲ ಎಂದು ನಿಮ್ಮ ಬಾಯಿಂದ ಕೇಳಬೇಕು. ಬೇರೆ ಯಾವ ಮುದುಕನ ಬಾಯಿಂದಲೂ ಅಲ್ಲ.

ದ್ರಾಕ್ಷಾಯಣಿ


ಸ್ಕ್ರಿಪ್ಸ್ ರ‍್ಯಾಂಚ್
6 ಫೆಬ್ರುವರಿ 2021

ದಾಕ್ಷಾಗೆ ಆಶೀರ್ವಾದ.

ನನಗೆ ಲಸಿಕೆ ಆಯಿತು. ಬೇಸ್‌ಬಾಲ್ ಮೈದಾನದ ಪಕ್ಕ ಕಾರಿನಲ್ಲೇ ಕೂಡಿಸಿ ಚುಚ್ಚಿದರು. ಸೋಮು ಕಿಟಕಿಯ ಗ್ಲಾಸು ಇಳಿಸಿದ, ನಾನು ತೋಳು ಹೊರಗೆ ಹಾಕಿದೆ. ಜಾತ್ರೆಗೆ ಹೊರಟ ಎತ್ತಿಗೆ ಲಾಳ ಹೊಡೆದಂತೆ. ಚುಚ್ಚಿದ ಹುಡುಗಿ ಏನೋ ಕೇಳಿದಳು. ತಿಳಿಯಲಿಲ್ಲ, ಬಾಯಿಗೆ ಮಾಸ್ಕು, ಅಕ್ಷರವೂ ಇಲ್ಲ. ನಾನು "ಥ್ಯಾಂಕ್ಯೂ" ಅಂದೆ.

ನಿನ್ನ ನವೆಂಬರಿನ ಪತ್ರ ಬಂತು. ಓದಿದೆ.

ಆ ಉಜೋ ಬಾಯಿಯನ್ನು ಕೇಳಿದೆಯೇನು?

ಅಪ್ಪ


ಪಸಡೀನಾ
28 ಮಾರ್ಚ್ 2021
(ಕಳಿಸಲಿಲ್ಲ)

ಅಪ್ಪಾ ಅವರಿಗೆ,

ಉಜೋಳನ್ನು ಕೇಳಿದೆ. ನಿನ್ನೆ ಅವಳ ಊಟದ ಬಿಡುವಿನಲ್ಲಿ ಪಾರ್ಕಿಂಗಿನಲ್ಲಿ ನಿಂತು ನನ್ನ ಫೋನಿನಲ್ಲೇ ನೋಡಿದಳು. ಒಂದು ಕೈಯಲ್ಲಿ ಸ್ಯಾಂಡ್‌ವಿಚ್.

ಮೊದಲು ಅಂಗಳದ ದೃಶ್ಯ. ಅದು ಕೋಲಾ ಕಾಯಿಯಂತೆ. ಹಿರಿಯರು ಅದನ್ನು ಹಿಡಿದು ಪ್ರಾರ್ಥನೆ ಮಾಡಿದ ಮೇಲೆ ಒಡೆಯಬೇಕಂತೆ, ಅದೂ ಗಂಡಸರೇ. "ನನ್ನ ಅಪ್ಪನ ಆಸ್ಪತ್ರೆಯನ್ನೇ ನಾನು ನಡೆಸಬಹುದು. ಕೋಲಾ ಒಡೆಯುವಂತಿಲ್ಲ" ಎಂದು ನಕ್ಕಳು. ಇಷ್ಟೆಲ್ಲ ಇಂಗ್ಲಿಷ್ ಆಡುವ ಮನೆಯವರು ಆಗ ಮಾತ್ರ ಯಾಕೆ ಇಗ್ಬೋ ಆಡುತ್ತಾರೆ ಎಂದು ಕೇಳಿದೆ. ಅವರಲ್ಲಿ ಒಂದು ಮಾತಿದೆಯಂತೆ: ಕೋಲಾ ಕಾಯಿಗೆ ಇಂಗ್ಲಿಷ್ ಬರುವುದಿಲ್ಲ. ಅದನ್ನು ಹೇಳುವಾಗ ಉಜೋ ನಗುತ್ತಿರಲಿಲ್ಲ.

ಆಮೇಲೆ ಪಡಸಾಲೆಯ ಆ ಎರಡು ನಿಮಿಷ. ಅವಳು ಎರಡು ಸಲ ನೋಡಿದಳು. ನಾನು ಪೆನ್ನು ಹಿಡಿದಿದ್ದೆ. ಮುದುಕ ಹೇಳುವುದು ಇಷ್ಟೇ. ಬೆಳಗಿನಿಂದ ನೀನು ಏನೂ ತಿಂದಿಲ್ಲ. ನಿನ್ನ ತಾಯಿ ಗೆಣಸು ಬೇಯಿಸಿ ಮುಚ್ಚಿಟ್ಟಿದ್ದಾಳೆ, ಆರಿದರೆ ಅದು ಕಲ್ಲಾಗುತ್ತದೆ. ನಿನಗೆ ಸಾರಿನಲ್ಲಿ ಮೀನು ಹೆಚ್ಚು ಬೇಕೆಂದು ನಾನೇ ಹೇಳಿದ್ದೇನೆ. ಬಿಸಿಲಲ್ಲಿ ನಿಂತಿದ್ದೀಯ, ಇತ್ತ ಸರಿ. ಊಟ ಮಾಡಿದೆಯಾ, ಇಲ್ಲವಾ? ಇದನ್ನೇ ತಿರುತಿರುಗಿ ಹೇಳುತ್ತಾನೆ, ಎರಡು ನಿಮಿಷ. ಚಿನ್ಯೆರೆ ಕೊನೆಗೆ ಆಡುವ ಆ ನಾಲ್ಕು ಶಬ್ದ: ನನಗೆ ಹಸಿವಿಲ್ಲ.

"ಇಷ್ಟೇನಾ?" ಎಂದೆ.

"ಇಷ್ಟೇ. ಯಾಕೆ, ಇನ್ನೇನು ಬೇಕಿತ್ತು ನಿನಗೆ?" ಎಂದಳು ಉಜೋ. ಆಮೇಲೆ ನನ್ನ ಮುಖ ನೋಡಿ ಸ್ಯಾಂಡ್‌ವಿಚ್ಚಿನ ಅರ್ಧ ಮುರಿದು ಕೊಟ್ಟಳು.

ಇದನ್ನು ನಿಮಗೆ ಹೇಗೆ ಕಳಿಸಲಿ? ನೀವು ಆಡಬೇಕಾದ ಮಾತನ್ನು ಆ ಮುದುಕನ ಬಾಯಿಗೆ ಇಟ್ಟಿರಿ. ಅವನು ಅದನ್ನು ಆಡಲೇ ಇಲ್ಲ ಎಂದು ತಿಳಿದರೆ ಆ ಮಾತು ಎಲ್ಲಿ ನಿಲ್ಲಬೇಕು? ನೀವು ಅದನ್ನು ಹಿಂದಕ್ಕೆ ತೆಗೆದುಕೊಂಡುಬಿಟ್ಟರೆ? ಹತ್ತೊಂಬತ್ತು ವರ್ಷಕ್ಕೆ ನನಗೆ ಸಿಕ್ಕಿದ್ದು ಅದೊಂದೇ ಪುಟ. ಅದು ನನ್ನ ಆಸೆಬುರುಕತನವಿರಬಹುದು. ನಿಮ್ಮ ಮೇಲಿನ ಕಾಳಜಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ನಂಬಿಕೆ ಬರುತ್ತಿಲ್ಲ.

ಕಳಿಸದಿರಲು ಇನ್ನೊಂದು ಕಾರಣವೂ ಇದೆ. ಅದನ್ನು ಇಲ್ಲಿಯೂ ಬರೆಯಲಾರೆ.


ಪಸಡೀನಾ
28 ಮಾರ್ಚ್ 2021

ಅಪ್ಪಾ ಅವರಿಗೆ,

ಉಜೋ ಸಿನಿಮಾ ನೋಡಿದಳು. ಆ ಕೆಂಪು ಕಾಯಿಗೆ ಕೋಲಾ ಎನ್ನುತ್ತಾರೆ. ಅದನ್ನು ಒಡೆಯುವಾಗ ಇಂಗ್ಲಿಷ್ ಆಡಬಾರದಂತೆ, ಕಾಯಿಗೆ ಇಂಗ್ಲಿಷ್ ಬರುವುದಿಲ್ಲವಂತೆ. ನಮ್ಮ ಕಾಯಿಗೂ ಬರಲಿಕ್ಕಿಲ್ಲ.

ಮುದುಕ ಹೇಳುವುದು ನೀವು ಊಹಿಸಿದ್ದಕ್ಕೆ ಹತ್ತಿರವೇ ಇದೆ.

ನಾವು ಮೇ ತಿಂಗಳಲ್ಲಿ ಬರುತ್ತೇವೆ.

ದ್ರಾಕ್ಷಾಯಣಿ


ಪಸಡೀನಾ
3 ಜೂನ್ 2021

ಅಪ್ಪಾ ಅವರಿಗೆ ಶರಣು.

ತಲುಪಿದೆವು. ಲಿಂಬೆಹಣ್ಣಿನ ಚೀಲ ಕಾರಿನಲ್ಲಿ ಒಡೆದು ಹೋಗಿ ಇನ್ನೂ ಸೀಟಿನ ಕೆಳಗಿನಿಂದ ಒಂದೊಂದೇ ಹೊರಬರುತ್ತಿವೆ. ಮೇಘಾ ಅಜ್ಜನ ಹತ್ತಿರ ಎರಡು ದಿನವೂ ಇಂಗ್ಲಿಷಿನಲ್ಲೇ ಮಾತಾಡಿದಳು, ನೀವು ಕನ್ನಡದಲ್ಲೇ ಉತ್ತರ ಕೊಟ್ಟಿರಿ. ಇಬ್ಬರಿಗೂ ಏನೂ ತೊಂದರೆ ಆದಂತೆ ಕಾಣಲಿಲ್ಲ.

ಎರಡು ದಿನ ಒಂದೇ ಮನೆಯಲ್ಲಿದ್ದೆವು. ನೀವು ಗಿಡ ತೋರಿಸಿದಿರಿ, ನಾನು ನೋಡಿದೆ. ಹೊರಡುವಾಗ ನೀವು ಕಾರಿನ ಬಾಗಿಲು ಹಿಡಿದು ನಿಂತಿರಿ. ನಾನು ಕಿಟಕಿ ಇಳಿಸಿದೆ. ಹಿಂದಿನಿಂದ ಇನ್ನೊಂದು ಕಾರು ಬಂತು.

ಪತ್ರದಲ್ಲಿ ನಾವಿಬ್ಬರೂ ಸ್ವಲ್ಪ ಧೈರ್ಯವಂತರು ಎಂದು ಕಾಣುತ್ತದೆ.

ದ್ರಾಕ್ಷಾಯಣಿ


ಸ್ಕ್ರಿಪ್ಸ್ ರ‍್ಯಾಂಚ್
2 ಅಕ್ಟೋಬರ್ 2022

ದಾಕ್ಷಾಗೆ ಅಪ್ಪನ ಆಶೀರ್ವಾದ.

ಒಂದು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ಈಗ ಬಲಗಿವಿಯೂ ಇಲ್ಲ. ಮನೆ ತುಂಬ ಶಾಂತಿ. ಅಮಿತಾ ಬೈದರೂ ಹರಸಿದಂತೆ ಕಾಣುತ್ತದೆ.

ಹೋದ ವಾರ ಆ ಎಣ್ಣೆ ಗಿರಣಿಯ ಸಿನಿಮಾ ಮತ್ತೆ ಹಾಕಿಸಿದೆ. ಅಕ್ಷರ ಹೊಸದಾಗಿ ಮಾಡಿದ್ದಾರೆ. ಕಂಸ ತೆಗೆದು ಇಗ್ಬೋ ಮಾತನ್ನೆಲ್ಲ ಇಂಗ್ಲಿಷಿಗೆ ತಂದಿದ್ದಾರೆ. ಪಡಸಾಲೆ ಬಂದಾಗ ಒಂದೊಂದು ಸಾಲಿಗೂ ನಿಲ್ಲಿಸಿ ಓದಿದೆ. ಗೆಣಸು. ಸಾರು. ಬಿಸಿಲು. ಊಟ ಆಯಿತೋ ಇಲ್ಲವೋ.

ನೀನು ಸುಳ್ಳು ಹೇಳಿದಿ. ಯಾಕೆ ಹೇಳಿದಿ ಎಂದು ಒಂದು ಗಳಿಗೆ ಸಿಟ್ಟು ಬಂತು, ಆಮೇಲೆ ತಿಳಿಯಿತು. ಛಲೋ ಮಾಡಿದಿ.

ಆ ಮುದುಕ ನಾನು ಬರೆದ ಒಂದು ಮಾತನ್ನೂ ಅಂದಿಲ್ಲ. ಹಾಗಾದರೆ ಅದನ್ನು ಅಂದವರು ಯಾರು? ಅವು ನಮ್ಮ ಗಿರಣಿಯ ಮಾತು. ನೀನು ಕೇಳಿದ್ದಿ, ನಿಮ್ಮ ಬಾಯಿಂದ ಕೇಳಬೇಕು ಎಂದು. ಇದು ನನ್ನ ಬಾಯಿ. ಅಂಜಿದೆ, ದಾಕ್ಷಾ. ನೀನು ಕೈ ಚಾಚಿದ್ದನ್ನು ನೋಡಿದೆ. ನೋಡಿಯೂ ದಾಟಿಸಿದೆ.

ಇನ್ನೊಂದು. ಆ ದಿನ ನಾನು ನಿನ್ನ ಹತ್ತಿರ ಬಂದು ಏನೋ ಅಂದೆ, ಏನೆಂದು ನೆನಪಿಲ್ಲ ಎಂದು ಬರೆದಿದ್ದಿ. ನನಗೆ ನೆನಪಿದೆ. ಹೇಳಬೇಕಾದದ್ದು ಗಂಟಲಿಗೆ ಬಂದಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ. "ಉಂಡೀಯೇನು? ನಿಮ್ಮವ್ವ ತಾಟು ಹಚ್ಚಿಟ್ಟಾಳ, ಕಡಬು ಆರತಾವು" ಅಂದೆ. ನೀನು ಕೈ ಸೆರಗಿಗೆ ಒರೆಸಿಕೊಂಡು, "ಹಸಿವಿಲ್ರಿ ಅಪ್ಪಾ" ಅಂದಿ.

ಆ ತಾಟು ಸಂಜೆಯವರೆಗೂ ಹಾಗೇ ಇತ್ತು. ನಿಮ್ಮವ್ವ ಅದನ್ನು ಎತ್ತಲಿಲ್ಲ. "ನೀವ ಎತ್ತರಿ" ಅಂದಳು. ಅದೇ ಅವಳು ನನಗೆ ಬೈದದ್ದು, ಬದುಕಿನಲ್ಲಿ ಒಂದೇ ಸಲ.

ಆ ಸಿನಿಮಾದವರಿಗೆ ಇದೆಲ್ಲ ಹೆಂಗ ಗೊತ್ತಾಯಿತು? ಎಲ್ಲಾ ಊರಲ್ಲೂ ಗಂಡಸರು ಇಷ್ಟೇ ಇರಬೇಕು.

ಇದೇ 26ಕ್ಕೆ ಪಾಡ್ಯ. ಸೋಮು ಗರಾಜಿನಲ್ಲಿ ಕಾರಿಗೆ ಪೂಜೆ ಮಾಡುತ್ತಾನೆ. ಕಾಯಿ ನಿನ್ನ ಕೈಗೆ ಕೊಡುತ್ತೇನೆ ಎಂದು ಬರೆಯಬೇಕೆಂದು ಮೊದಲು ಅನ್ನಿಸಿತು. ಬರೆಯಲಿಲ್ಲ. ಇಲ್ಲಿ ಗಿರಣಿ ಇಲ್ಲ, ನಗುವ ನಾಲ್ಕು ಮಂದಿಯೂ ಇಲ್ಲ. ಈಗ ಕೊಟ್ಟರೆ ಅದೇನು ದೊಡ್ಡಸ್ತಿಕೆ? ಅದು ಆಗ ಕೊಡಬೇಕಾದದ್ದು, ಕೊಡಲಿಲ್ಲ. ಅದು ಹಾಗೇ ಇರಲಿ.

ಆದರೆ ಕಡಬು ಮಾಡಲು ಅಮಿತಾಳಿಗೆ ಹೇಳಿದ್ದೇನೆ. ಅವಳಿಗೆ ಬರುವುದಿಲ್ಲ, ವಿಡಿಯೋ ನೋಡಿ ಮಾಡುತ್ತಾಳಂತೆ. ತಾಟು ನಾನು ಹಚ್ಚುತ್ತೇನೆ. ನೀನು ಬಂದರೆ ಅದನ್ನೇ ಮತ್ತೊಮ್ಮೆ ಕೇಳುತ್ತೇನೆ. ನಿನ್ನ ಉತ್ತರ ನನಗೆ ಕೇಳಿಸುವುದಿಲ್ಲ. ಅದಕ್ಕೇ ಮುಂಚಿತವಾಗಿ ಬರೆದು ತಿಳಿಸು.

ನಿನ್ನ ಅಪ್ಪ,
ಸಂಗನಬಸಪ್ಪ


ಪಸಡೀನಾ
20 ಅಕ್ಟೋಬರ್ 2022

ಅಪ್ಪಾ,

ನನಗೆ ನೆನಪಿರಲಿಲ್ಲ ಎಂಬುದು ಸುಳ್ಳಲ್ಲ. ಆದರೆ ಹೋದ ವರ್ಷ ಔಷಧಿ ಅಂಗಡಿಯ ಪಾರ್ಕಿಂಗಿನಲ್ಲಿ ಉಜೋ 'ನನಗೆ ಹಸಿವಿಲ್ಲ' ಎಂಬ ಮಾತನ್ನು ಹೇಳಿದ ಕ್ಷಣ ನೆನಪಾಯಿತು. ಕಡಬಿನ ವಾಸನೆಯೂ ನೆನಪಾಯಿತು. ನೀವು ಏನೂ ಹೇಳಲಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡು ಬಂದವಳು ನಾನು. ನೀವು ಹೇಳಿದ್ದಿರಿ, ನಾನು ಕಂಸ ಹಾಕಿ ಮುಂದೆ ಹೋಗಿದ್ದೆ. ಇದನ್ನು ಬರೆಯಲು ನನಗೂ ಒಂದೂವರೆ ವರ್ಷ ಬೇಕಾಯಿತು.

ಹಾಗೆಂದು ಕಾಯಿಯ ನೋವು ಹೋಗಿಲ್ಲ. ನೀವು ಬರೆದಂತೆ ಅದು ಹಾಗೇ ಇರಲಿ.

26ಕ್ಕೆ ರಜೆ ಹಾಕಿದ್ದೇನೆ. ಒಬ್ಬಳೇ ಡ್ರೈವ್ ಮಾಡಿಕೊಂಡು ಬರುತ್ತೇನೆ. ಒಂದು ಗಂಟೆಯ ಹೊತ್ತಿಗೆ ತಲುಪುತ್ತೇನೆ. "ಎರಡೂವರೆ ಗಂಟೆ ದಾರಿ ಕಣೇ, ಟ್ರಾಫಿಕ್ ಬೇರೆ ಇರತ್ತೆ, ಏನಾದ್ರೂ ತಿನ್ಕೊಂಡು ಹೊರಡು" ಎಂದು ನಿತಿನ್ ಈಗಿನಿಂದಲೇ ಹೇಳುತ್ತಿದ್ದಾರೆ.

ಇಲ್ಲ, ಅಪ್ಪಾ. ಏನೂ ತಿನ್ನದೆ ಹೊರಡುತ್ತೇನೆ.

ದಾಕ್ಷಾ